ಊರಿಗೆ ಬಂದ ಮೇಲೂ ಖರ್ಚು ಇಳಿಯಲಿಲ್ಲ, ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ನನಗೆ 45 ವರ್ಷ, ಹೆಂಡತಿಗೆ 42. ಮಕ್ಕಳಿಬ್ಬರು ಒಂಬತ್ತನೇ ಮತ್ತು ನಾಲ್ಕನೇ ತರಗತಿಯಲ್ಲಿದ್ದಾರೆ. ಹದಿನೆಂಟು ವರ್ಷದ ಕೆಲಸ ಬಿಟ್ಟು ಕಳೆದ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಗೆ ಬಂದೆವು. ಅಪ್ಪ (74), ಅಮ್ಮ (69) ಜೊತೆಗಿದ್ದಾರೆ. ತಂಗಿಗೆ ಮದುವೆಯಾಗಿದೆ. ಅಪ್ಪನ ಹೆಸರಲ್ಲಿ ಎರಡೂವರೆ ಎಕರೆ ಅಡಿಕೆ ತೋಟವಿದೆ, ಹೋದ ವರ್ಷ 14 ಕ್ವಿಂಟಲ್ ಆಗಿತ್ತಂತೆ. ಹೆಂಡತಿ ಮನೆಯಿಂದಲೇ ಗುತ್ತಿಗೆ ಕೆಲಸ ಮಾಡುತ್ತಾಳೆ. ತಿಂಗಳಿಗೆ 40 ಸಾವಿರ, ಟಿಡಿಎಸ್ ಕಳೆದು 36 ಸಾವಿರ ಕೈಗೆ ಬರುತ್ತದೆ. ಬೆಂಗಳೂರಿನ ಫ್ಲ್ಯಾಟಿಗೆ 24 ಸಾವಿರ ಬಾಡಿಗೆ ಇದೆ, ಅದರ ಸಾಲದ ಕಂತು 33 ಸಾವಿರ, ಬಾಕಿ 21 ಲಕ್ಷ, ಬಡ್ಡಿ ಶೇ. 8.5. ಎಫ್‌ಡಿಯಲ್ಲಿ 42 ಲಕ್ಷ, ಪಿಎಫ್‌ನಲ್ಲಿ 16 ಲಕ್ಷ ಇದೆ. ಊರಲ್ಲಿ ತಿಂಗಳಿಗೆ 35 ಸಾವಿರ ಧಾರಾಳ ಸಾಕು ಅಂದುಕೊಂಡಿದ್ದೆವು. ಎಂಟು ತಿಂಗಳಲ್ಲಿ, ಕಂತು ಬಿಟ್ಟು, 6.4 ಲಕ್ಷ ಹೋಗಿದೆ. ಎಲ್ಲಿ ತಪ್ಪುತ್ತಿದ್ದೇವೆ? ಫ್ಲ್ಯಾಟಿನ ಸಾಲ ತೀರಿಸಿಬಿಡಲೇ? ತೋಟಕ್ಕೆ ಸೊಸೈಟಿ ಸಾಲ ಮಾಡಲೇ? ಪಕ್ಕದ ಒಂದೂವರೆ ಎಕರೆ ಮಾರಾಟಕ್ಕಿದೆ, ಕೊಳ್ಳಬಹುದೇ? ಖರ್ಚಿನ ಪಟ್ಟಿ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪಟ್ಟಿ ಹೀಗಿದೆ. ದಿನಸಿ, ಹಾಲು, ತರಕಾರಿ 1,12,000. ಕರೆಂಟು, ಗ್ಯಾಸ್, ಫೋನ್, ಇಂಟರ್ನೆಟ್ 24,000. ಶಾಲೆ 88,000. ಕಾರು, ಬೈಕು 76,000. ವೈದ್ಯರು, ಔಷಧಿ 54,000. ಮದುವೆ, ಗೃಹಪ್ರವೇಶ, ದೇವಸ್ಥಾನ 41,000. ತೋಟದ ಕೂಲಿ, ಮೈಲುತುತ್ತ, ಗೊಬ್ಬರ 1,35,000. ಬಚ್ಚಲು, ಹೆಂಚು ರಿಪೇರಿ 72,000. ಪಂಪು, ಪೈಪು 38,000. ಕೂಡಿಸಿದರೆ ಸರಿಯಾಗಿ 6,40,000.

ಎಂಟರಿಂದ ಭಾಗಿಸಿ ತಿಂಗಳಿಗೆ 80 ಸಾವಿರ ಎಂದು ನೀವು ಗಾಬರಿಯಾಗಿದ್ದೀರಿ. ಆ ಭಾಗಾಕಾರವೇ ತಪ್ಪು. ಇದರಲ್ಲಿ 1,73,000 ಮನೆಯ ಖರ್ಚೇ ಅಲ್ಲ, ತೋಟದ್ದು. ಅಡಿಕೆ ಮಾರಿದಾಗ ವಾಪಸ್ ಬರಬೇಕಾದ ಹಣ. 72,000 ಒಮ್ಮೆ ಆಗುವ ರಿಪೇರಿ. ಉಳಿದ 3,95,000ದಲ್ಲೂ ಶಾಲೆಯ ಇಡೀ ವರ್ಷದ ಫೀಸು 64,000 ಜೂನ್‌ನಲ್ಲೇ ಕಟ್ಟಿಬಿಟ್ಟಿದ್ದೀರಿ. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಸಂಸಾರ ನಡೆದಿರುವುದು ತಿಂಗಳಿಗೆ ಸುಮಾರು 47 ಸಾವಿರದಲ್ಲಿ.

ಹಾಗೆಂದು 47 ಸಾವಿರವೂ ನಿಜವಾದ ಅಂಕಿಯಲ್ಲ, ಏಕೆಂದರೆ ಇರಲೇಬೇಕಾದ ಒಂದು ಬಾಬ್ತು ಪಟ್ಟಿಯಲ್ಲಿ ಕಾಣುತ್ತಿಲ್ಲ: ವಿಮೆ. ಅದನ್ನೂ ಸೇರಿಸಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದ ಲೆಕ್ಕ ಬರೆದರೆ ಹೀಗೆ ಬರುತ್ತದೆ. ದಿನಸಿ 1,68,000, ಕರೆಂಟು, ಫೋನ್ ಇತ್ಯಾದಿ 36,000, ಶಾಲೆ, ಹತ್ತು ತಿಂಗಳ ವ್ಯಾನ್ ಸೇರಿ 94,000, ವಾಹನ 1,14,000, ಔಷಧಿ 81,000, ಮುಯ್ಯಿ, ದೇವಕಾರ್ಯ 60,000, ಆರೋಗ್ಯ, ಟರ್ಮ್, ವಾಹನ ವಿಮೆ 70,000, ಮನೆ ರಿಪೇರಿಗೆ ಎತ್ತಿಡುವುದು 40,000. ಒಟ್ಟು 6,63,000, ತಿಂಗಳಿಗೆ 55 ಸಾವಿರ. ಆರು ಜನರ ಸಂಸಾರಕ್ಕೆ ಇದು ದುಂದುಗಾರಿಕೆ ಅಲ್ಲ. ನಿಮ್ಮ 35 ಸಾವಿರದ ಅಂದಾಜು ಇಬ್ಬರೇ ವಯಸ್ಸಾದವರಿದ್ದ ಮನೆಯ ಖರ್ಚನ್ನು ನೋಡಿ ಮಾಡಿದ್ದಿರಬೇಕು.

ನಗರದಿಂದ ಬಂದ ಬಹುಪಾಲು ಕುಟುಂಬಗಳು ಎಡವುವುದು ಖರ್ಚು ಜಾಸ್ತಿಯಾಗಿ ಅಲ್ಲ. ಸಂಬಳದ ಕಾಲದಲ್ಲಿ ದುಡ್ಡು ಬರುವುದೂ ಹೋಗುವುದೂ ತಿಂಗಳಿಗೊಮ್ಮೆ. ತೋಟದ ಮನೆಯಲ್ಲಿ ದುಡ್ಡು ಬರುವುದು ಕೊಯ್ಲಿನ ಮೇಲೆ ಎರಡು ಮೂರು ಸಲ. ಹೋಗುವುದು ಶನಿವಾರದ ಬಟವಾಡೆಗೆ, ಜೂನ್‌ನ ಫೀಸಿಗೆ, ಮಳೆ ಹಿಡಿಯುವ ಮೊದಲಿನ ಮೈಲುತುತ್ತಕ್ಕೆ, ವೈಶಾಖದ ಮದುವೆಗಳಿಗೆ. ಈ ಎರಡರ ನಡುವಿನ ಕಂದಕವನ್ನು ತುಂಬಲು ಕಂಡ ಕಂಡ ಖಾತೆಯಿಂದ ತೆಗೆದು ಹಾಕುತ್ತಾ ಹೋದರೆ, ತೋಟ ಮನೆಯನ್ನು ಸಾಕುತ್ತಿದೆಯೋ ಮನೆ ತೋಟವನ್ನು ಸಾಕುತ್ತಿದೆಯೋ ಎಂಬುದು ಐದು ವರ್ಷವಾದರೂ ತಿಳಿಯುವುದಿಲ್ಲ.

ಹಾಗಾಗಿ ಮೊದಲ ಕೆಲಸ ಖಾತೆ ಬೇರೆ ಮಾಡುವುದು. ಮನೆಗೆ ಒಂದು ಉಳಿತಾಯ ಖಾತೆ. ತೋಟಕ್ಕೆ ಇನ್ನೊಂದು, ಅದು ನಿಮ್ಮ ತಂದೆಯವರ ಹೆಸರಿನ ಜೊತೆ ನಿಮ್ಮ ಹೆಸರೂ ಸೇರಿದ ಜಂಟಿ ಖಾತೆಯಾಗಿರಲಿ, ‘ಇಬ್ಬರಲ್ಲಿ ಯಾರಾದರೂ ಅಥವಾ ಬದುಕಿರುವವರು’ ಎಂಬ ಷರತ್ತಿನಲ್ಲಿ. ಅಡಿಕೆ, ಮೆಣಸು, ಬಾಳೆಗೊನೆ ಮಾರಿದ ಪ್ರತಿ ರೂಪಾಯಿ ಇದಕ್ಕೇ ಬರಬೇಕು. ಕೂಲಿ, ಗೊಬ್ಬರ, ಪಂಪು ರಿಪೇರಿ ಇದರಿಂದಲೇ ಹೋಗಬೇಕು. ಮೂರನೆಯದು ಎಫ್‌ಡಿಗಳು, ಅವನ್ನು ಹೇಗೆ ಹಂಚುವುದೆಂದು ಮುಂದೆ ಹೇಳುತ್ತೇನೆ. ಪ್ರತಿ ತಿಂಗಳು ಒಂದನೇ ತಾರೀಕು ಮನೆ ಖಾತೆಗೆ 55 ಸಾವಿರ ಬೀಳುವಂತೆ ಮಾಡಿ, ಸಂಬಳದಂತೆ. ಫೀಸು, ವಿಮೆ, ಮುಯ್ಯಿಯ ಪಾಲು ಖರ್ಚಾಗದ ತಿಂಗಳಲ್ಲಿ ಖಾತೆಯಲ್ಲಿ ಉಳಿದು ಕಾಣುತ್ತದೆ. ‘ಈ ತಿಂಗಳು ಮಿಕ್ಕಿತು’ ಎಂದು ಅದನ್ನು ಮುಟ್ಟಬಾರದು, ಅದು ಜೂನ್‌ನದು.

ತೋಟದಿಂದ ಮನೆಗೆ ಹಣ ದಾಟುವುದು ವರ್ಷಕ್ಕೆ ಒಂದೇ ಸಲ. ಮೇ ಕೊನೆಯಲ್ಲಿ ಲೆಕ್ಕ ಮುಗಿಸಿ, ಮುಂದಿನ ಕೊಯ್ಲಿನವರೆಗಿನ ತೋಟದ ಖರ್ಚು ಖಾತೆಯಲ್ಲಿ ಇಟ್ಟುಕೊಂಡು, ಅದಕ್ಕಿಂತ ಹೆಚ್ಚಿದ್ದರೆ ಮಾತ್ರ. ಈ ಒಂದು ಕಟ್ಟುಪಾಡು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿನಲ್ಲಿ ಉದಾಹರಣೆ ಹುಡುಕಬೇಕಿಲ್ಲ: ಫೆಬ್ರವರಿಯಲ್ಲಿ ಬಂದ ಅಡಿಕೆ ದುಡ್ಡು ಏಪ್ರಿಲ್‌ನ ಮದುವೆಗೆ ಹೋಗಿ, ಜೂನ್‌ನಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸಲು ಕಾಸಿಲ್ಲದೆ ಎರಡು ವಾರ ತಡವಾಗಿ, ಕೊಳೆರೋಗ ಹತ್ತಿ ಕಾಯಿ ಉದುರುತ್ತದೆ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ದೊಡ್ಡ ಖರ್ಚು ಅದಲ್ಲ, ಹೊಡೆಯುವವರ ಕೂಲಿ. ಮೊದಲ ಸಿಂಪಡಣೆ ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು 40-45 ದಿನಕ್ಕೆ. ಈ ಎರಡರ ಹಣ ಮೇ ತಿಂಗಳಲ್ಲೇ ತೋಟದ ಖಾತೆಯಲ್ಲಿ ಇರಬೇಕು.

ಈಗ ತೋಟ ಎಷ್ಟು ಕೊಡುತ್ತದೆ ನೋಡೋಣ. ತಂದೆಯವರು ಹೇಳಿದ 14 ಕ್ವಿಂಟಲ್ ಒಳ್ಳೆಯ ವರ್ಷದ ಮಾತು. ಬಜೆಟ್ಟಿಗೆ 11 ಹಿಡಿಯಿರಿ. ಮಾರುಕಟ್ಟೆಯಲ್ಲಿ ಇವತ್ತು ದರ ಎಷ್ಟೇ ಇರಲಿ, ಯೋಜನೆಗೆ ಕ್ವಿಂಟಲ್‌ಗೆ 40 ಸಾವಿರ ಹಿಡಿಯಿರಿ. 4,40,000 ಬಂತು. ಈವರೆಗೆ ಆದ ಖರ್ಚು 1,73,000. ಇನ್ನು ಕೊನೆ (ಅಡಿಕೆ ಗೊನೆ) ತೆಗೆಯುವುದು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಸೇರಿ ಒಣ ಅಡಿಕೆ ಕ್ವಿಂಟಲ್‌ಗೆ 10 ಸಾವಿರದ ಅಂದಾಜಿನಲ್ಲಿ 1,10,000. ಕೈಯಲ್ಲಿ ಉಳಿಯುವುದು 1,57,000. ಹದಿನಾಲ್ಕು ಕ್ವಿಂಟಲ್ ಆಗಿ 50 ಸಾವಿರ ದರ ಸಿಕ್ಕರೆ ಇದೇ ಲೆಕ್ಕ 3,87,000 ಆಗುತ್ತದೆ. ಬೆಳೆಯಲ್ಲಿ ಮೂರು ಕ್ವಿಂಟಲ್, ದರದಲ್ಲಿ ಹತ್ತು ಸಾವಿರ ವ್ಯತ್ಯಾಸವಾದರೆ ಉಳಿಕೆ ಎರಡೂವರೆ ಪಟ್ಟಾಗುತ್ತದೆ ಎಂದ ಮೇಲೆ, ಅದೇ ವೇಗದಲ್ಲಿ ಇಳಿಯಲೂಬಹುದು. ಎಲೆಚುಕ್ಕೆ ರೋಗ ಬಂದ ಭಾಗದಲ್ಲಂತೂ ಅಪ್ಪನ ಕಾಲದ ಇಳುವರಿಯನ್ನು ಆಧಾರವಾಗಿ ಹಿಡಿಯಲೇಬೇಡಿ. ಇಂಥ ಆದಾಯದ ಮೇಲೆ ಅಕ್ಕಿ, ಬೇಳೆ, ಶಾಲೆಯ ಫೀಸನ್ನು ನಿಲ್ಲಿಸಬಾರದು. ಅಡಿಕೆ ಇಲ್ಲದೆ ಮನೆ ನಡೆಯಬೇಕು, ಮನೆಯ ದುಡ್ಡಿಲ್ಲದೆ ತೋಟ ನಡೆಯಬೇಕು.

ಇದು ನಿಮ್ಮ ಮಟ್ಟಿಗೆ ಸಾಧ್ಯ, ಫ್ಲ್ಯಾಟಿನ ಸಾಲ ತೀರಿಸಿದರೆ. ಈಗ ಫ್ಲ್ಯಾಟು ತಿಂಗಳಿಗೆ 9 ಸಾವಿರ ತಿನ್ನುತ್ತಿದೆ. 21 ಲಕ್ಷಕ್ಕೆ ಶೇ. 8.5ರಂತೆ ವರ್ಷಕ್ಕೆ 1,78,500 ಬಡ್ಡಿ ಕೊಡುತ್ತಾ, ಅಷ್ಟೇ ಹಣವನ್ನು ಶೇ. 6.5ರ ಎಫ್‌ಡಿಯಲ್ಲಿಟ್ಟು 1,36,500 ಪಡೆಯುತ್ತಿದ್ದೀರಿ. 42 ಸಾವಿರ ಸುಮ್ಮನೆ ಹೋಗುತ್ತಿದೆ. ಸಂಬಳ ಇದ್ದಾಗ ಇದು ಸಹಿಸಬಹುದಾದ ನಷ್ಟ. ಈಗ ಅದಕ್ಕಿಂತ ದೊಡ್ಡದು ಕಂತಿನ ಒತ್ತಡ: ಬಾಡಿಗೆದಾರ ಎರಡು ತಿಂಗಳು ಬಿಟ್ಟುಹೋದರೆ 33 ಸಾವಿರ ಪೂರ್ತಿ ನಿಮ್ಮ ತಲೆಯ ಮೇಲೆ. ಸಾಲ ತೀರಿಸಿದರೆ ಅದೇ ಫ್ಲ್ಯಾಟು ಮನೆ ಸಾಕುವ ಆಸ್ತಿಯಾಗುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಪೂರ್ತಿ ಕಟ್ಟಿದ 30 ದಿನದೊಳಗೆ ಮೂಲ ದಾಖಲೆಗಳನ್ನು ಕೊಡಬೇಕು. ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್‌ನಿಂದ ಇದೆ. ದಾಖಲೆಯ ಜೊತೆ ಬೇಬಾಕಿ ಪತ್ರ (ಸಾಲ ಬಾಕಿ ಇಲ್ಲವೆಂಬ ಪತ್ರ) ಪಡೆದು, ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆಯೂ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಬಂದಿದೆಯೇ ನೋಡಿಕೊಳ್ಳಿ. ಊರಿನಲ್ಲಿದ್ದುಕೊಂಡು ಈ ಕೆಲಸವನ್ನು ಮುಂದೂಡುವುದು ಸುಲಭ, ಮಾರುವ ದಿನ ಬಂದಾಗ ಓಡಾಡುವುದು ಕಷ್ಟ.

ಆದರೆ ಸಾಲ ತೀರಿಸುವ ಮೊದಲು ಒಂದು ಕೆಲಸವಿದೆ, ಅದೂ ಈ ವಾರವೇ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು 6.4 ಲಕ್ಷವಲ್ಲ, ಕಂಪನಿಯ ಗುಂಪು ವಿಮೆ ಕೆಲಸದ ಜೊತೆಗೇ ಹೋಗಿ ಎಂಟು ತಿಂಗಳಾದರೂ ಬೇರೆ ಆರೋಗ್ಯ ವಿಮೆ ಪಟ್ಟಿಯಲ್ಲಿ ಇಲ್ಲದಿರುವುದು. ಕೆಲಸ ಬಿಡುವ ಮೊದಲೇ ಅರ್ಜಿ ಹಾಕಿದ್ದರೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ದಾಟಿಕೊಂಡು ಕಾಯುವ ಅವಧಿಯ ಲಾಭ ಉಳಿಸಿಕೊಳ್ಳಬಹುದಿತ್ತು. ಈಗ ಹೊಸದಾಗಿ ಕೊಳ್ಳಬೇಕು. ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ರಕ್ಷಣೆ ಇರುವುದಿಲ್ಲ, ಮೊದಲೇ ಇರುವ ಕಾಯಿಲೆಗಳಿಗೆ ಗರಿಷ್ಠ ಮೂರು ವರ್ಷ ಕಾಯಿಸಬಹುದು. ಬಿಪಿ, ಶುಗರ್ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ, ಕ್ಲೇಮು ತಿರಸ್ಕಾರವಾಗುವುದು ಹೆಚ್ಚಾಗಿ ಅಲ್ಲೇ.

ನಿಮ್ಮ ನಾಲ್ವರಿಗೆ 10 ಲಕ್ಷದ ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಸೇರಿ ಒಂದೇ ಪಾಲಿಸಿ) ತೆಗೆದುಕೊಳ್ಳಿ. ಬಜೆಟ್ಟಿನಲ್ಲಿ 35 ಸಾವಿರ ಇಟ್ಟಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಗೆ ಜಿಎಸ್‌ಟಿ ಇಲ್ಲ. ಕೊಳ್ಳುವಾಗ ನೆಟ್‌ವರ್ಕ್ ಆಸ್ಪತ್ರೆಗಳ ಪಟ್ಟಿಯಲ್ಲಿ ಬೆಂಗಳೂರನ್ನು ನೋಡಬೇಡಿ, ಶಿವಮೊಗ್ಗ, ಮಣಿಪಾಲ, ಮಂಗಳೂರು ನೋಡಿ. ನಡುರಾತ್ರಿ ನೀವು ಓಡುವುದು ಅಲ್ಲಿಗೆ. ಸಣ್ಣ ಊರಿನ ವಿಳಾಸಕ್ಕೆ ಪ್ರೀಮಿಯಂ ಕಡಿಮೆ ಮಾಡುವ ಕೆಲವು ಪಾಲಿಸಿಗಳಲ್ಲಿ ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಾವೇ ಕೊಡಬೇಕೆಂಬ ಷರತ್ತಿರುತ್ತದೆ, ಅದನ್ನು ಓದಿ. ತಂದೆ ತಾಯಿಯನ್ನು ಇದೇ ಫ್ಲೋಟರಿಗೆ ಸೇರಿಸಬೇಡಿ. ಹಿರಿಯರ ವಯಸ್ಸಿನ ಮೇಲೆ ಎಲ್ಲರ ಪ್ರೀಮಿಯಂ ಏರುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಮಾಡಿಸಿ. ಬಿಪಿಎಲ್ ಕಾರ್ಡಿನವರಿಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆ ನಿಮ್ಮ ತಂದೆಯವರಿಗೆ ಅನ್ವಯಿಸುತ್ತದೆಯೇ ಎಂದು ಸೊಸೈಟಿ ಕಾರ್ಯದರ್ಶಿಯನ್ನು ಕೇಳಿ. ನೋಂದಣಿ ವರ್ಷದ ನಿಗದಿತ ಅವಧಿಯಲ್ಲಿ ಮಾತ್ರ ನಡೆಯುತ್ತದೆ. ಆದರೂ ಹಿರಿಯರಿಬ್ಬರಿಗೆ ನಿಜವಾದ ವಿಮೆ ನಿಮ್ಮ ಕೈಯಲ್ಲಿರುವ ನಗದೇ.

ಮರ ಹತ್ತುವವರ ಬಗ್ಗೆಯೂ ಒಂದು ಮಾತು. ಕೊನೆ ತೆಗೆಯುವಾಗ ಆಳು ಬಿದ್ದರೆ ಆಸ್ಪತ್ರೆಯ ಖರ್ಚು ಬರುವುದು ತೋಟದವರ ಮೇಲೆಯೇ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ 2 ಲಕ್ಷ, 18ರಿಂದ 70 ವರ್ಷದವರಿಗೆ. ನಿಮ್ಮಲ್ಲಿಗೆ ಬರುವ ಕೊನೆಗಾರರಿಗೆ ಇದು ಅವರ ಖಾತೆಯಲ್ಲಿ ಜಾರಿಯಲ್ಲಿದೆಯೇ ವಿಚಾರಿಸಿ, ಇಲ್ಲದಿದ್ದರೆ ಮಾಡಿಸಿಕೊಡಿ. ಆದರೆ ಅದರಿಂದ ಆಸ್ಪತ್ರೆಯ ಬಿಲ್ಲು ತುಂಬುವುದಿಲ್ಲ ಎಂಬುದೂ ಗೊತ್ತಿರಲಿ. ಫೈಬರ್ ದೋಟಿ (ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದ ಕೋಲು) ಬಳಸುವ ತಂಡ ಸಿಕ್ಕರೆ ಕೂಲಿ ಸ್ವಲ್ಪ ಹೆಚ್ಚಾದರೂ ಒಪ್ಪಿಕೊಳ್ಳಿ.

ಇನ್ನು 42 ಲಕ್ಷದ ಹಂಚಿಕೆ. ಫ್ಲ್ಯಾಟಿನ ಸಾಲಕ್ಕೆ 21. ಮನೆಯ ಒಂದು ವರ್ಷಕ್ಕೆ 6.6. ತೋಟದ ಖಾತೆಗೆ ಒಂದೇ ಸಲ, ಮೂಲಧನವಾಗಿ, 2.9, ಇದಾದ ಮೇಲೆ ತೋಟ ಕೇಳಿದರೂ ಕೊಡಬಾರದು. ಮಗುವಿನ ಪಿಯುಸಿಗೆ 5. ಇದನ್ನು ನೀವು ಬರೆದೇ ಇಲ್ಲ, ಆದರೆ ಒಂಬತ್ತನೇ ತರಗತಿ ಎಂದರೆ ಇನ್ನು ಎರಡು ವರ್ಷಕ್ಕೆ ಶಿವಮೊಗ್ಗದಲ್ಲೋ ಮೂಡಬಿದಿರೆಯಲ್ಲೋ ಹಾಸ್ಟೆಲ್ಲು, ಸಿಇಟಿ ಕೋಚಿಂಗು. ಹಳ್ಳಿಗೆ ಬಂದವರ ಅತಿ ದೊಡ್ಡ ಅನಿರೀಕ್ಷಿತ ಖರ್ಚು ಇದೇ, ಅನಿರೀಕ್ಷಿತ ಎನ್ನುವಂಥದ್ದು ಏನೂ ಇಲ್ಲದಿದ್ದರೂ. ಉಳಿದ 6.5 ಲಕ್ಷ ಹಿರಿಯರ ಆಸ್ಪತ್ರೆಗೆ, ಬೋರ್‌ವೆಲ್ ಕೈಕೊಟ್ಟರೆ ಅದಕ್ಕೆ.

ಸಾಲ ತೀರಿಸಿದ ಮೇಲೆ ಉಳಿಯುವ 21 ಲಕ್ಷದ ಠೇವಣಿಯನ್ನು ಒಂದೇ ರಸೀದಿಯಲ್ಲಿ ಇಡಬೇಡಿ. ಒಂದು, ಒಂದೂವರೆ ಲಕ್ಷದ ತುಂಡುಗಳಾಗಿ, ಬೇರೆ ಬೇರೆ ತಿಂಗಳಿಗೆ ಅವಧಿ ಮುಗಿಯುವಂತೆ ಮಾಡಿದರೆ ಒಂದು ಮುರಿಯಬೇಕಾದಾಗ ಎಲ್ಲದರ ಬಡ್ಡಿ ಹೋಗುವುದಿಲ್ಲ. ಊರಲ್ಲಿ ಪರಿಚಯದವರು ಪತ್ತಿನ ಸಹಕಾರ ಸಂಘದಲ್ಲಿ ಒಂದೂವರೆ, ಎರಡು ಪರ್ಸೆಂಟ್ ಹೆಚ್ಚು ಬಡ್ಡಿ ಎಂದು ಕರೆಯುತ್ತಾರೆ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಅದು ಸಹಕಾರಿ ಬ್ಯಾಂಕುಗಳಿಗೂ ಉಂಟು, ಪತ್ತಿನ ಸಂಘಗಳಿಗೆ ಇಲ್ಲ. ಪರಿಚಯದ ಮುಲಾಜಿಗೆ ಹತ್ತು ಸಾವಿರದ ಪಿಗ್ಮಿ ಕಟ್ಟಿ, ಸಾಕು.

ಇಷ್ಟು ಮಾಡಿದ ಮೇಲಿನ ವರ್ಷದ ಚಿತ್ರ: ಪತ್ನಿಯ ಗಳಿಕೆ ಕೈಗೆ 4,32,000. ಬಾಡಿಗೆ, ಒಂದು ತಿಂಗಳು ಖಾಲಿ ಮತ್ತು ಫ್ಲ್ಯಾಟಿನ ತೆರಿಗೆ, ರಿಪೇರಿ ಕಳೆದು 2,40,000. ಎಫ್‌ಡಿ ಬಡ್ಡಿ 1,36,000. ಒಟ್ಟು 8,08,000. ಮನೆಯ ಖರ್ಚು 6,63,000. ಅಡಿಕೆಯ ಒಂದು ರೂಪಾಯಿಯೂ ಇಲ್ಲದೆ ಒಂದೂವರೆ ಲಕ್ಷದ ಹತ್ತಿರ ಉಳಿಯಿತು. ಪತ್ನಿಯ ಗುತ್ತಿಗೆ ನಿಂತುಹೋದರೆ ವರ್ಷಕ್ಕೆ 2.9 ಲಕ್ಷ ಕೊರತೆ, ಸಾಧಾರಣ ವರ್ಷದ ತೋಟವೂ ಸೇರಿದರೆ 1.3 ಲಕ್ಷ. ಎತ್ತಿಟ್ಟ ಹಣದಲ್ಲಿ ಎರಡು ಮೂರು ವರ್ಷ ತಡೆದುಕೊಳ್ಳಬಹುದು, ಪಿಎಫ್ ಮುಟ್ಟದೆ.

ಪಿಎಫ್ ಮುಟ್ಟಲೂಬೇಡಿ. ಕೆಲಸ ಬಿಟ್ಟ ಮೇಲೂ 58 ವರ್ಷದವರೆಗೆ ಅದಕ್ಕೆ ಬಡ್ಡಿ ಸೇರುತ್ತದೆ. ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಉಂಟು ಎಂಬುದಷ್ಟೇ ವ್ಯತ್ಯಾಸ. ಹತ್ತು ವರ್ಷ ದಾಟಿದ ಸೇವೆ ಇರುವುದರಿಂದ ಪಿಂಚಣಿ ಭಾಗವನ್ನು ಹಿಂಪಡೆಯಲು ಬರುವುದಿಲ್ಲ, 58ಕ್ಕೆ ಪಿಂಚಣಿಯಾಗಿಯೇ ಬರುತ್ತದೆ. ಆನ್‌ಲೈನ್ ನಾಮಿನೇಷನ್ ಆಗಿದೆಯೇ ನೋಡಿ.

ಗಮನಿಸಿದಿರಾ, ಈ ಇಡೀ ಲೆಕ್ಕ ಪತ್ನಿಯ ಕೆಲಸದ ಮೇಲೆ ನಿಂತಿದೆ. ಹಾಗಿದ್ದ ಮೇಲೆ ಆ ಕೆಲಸಕ್ಕೆ ಬೇಕಾದ್ದು ಪಂಪಿಗಿಂತ ಮೊದಲು ಬರಬೇಕು. ಫೈಬರ್ ಸಂಪರ್ಕದ ಜೊತೆ ಬೇರೆ ಕಂಪನಿಯ ಮೊಬೈಲ್ ಡೇಟಾ, ಒಂದು ಇನ್ವರ್ಟರು, 150 ಎಎಚ್ ಬ್ಯಾಟರಿ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಒಂದು ದಿನ ಪೂರ್ತಿ ಕರೆಂಟಿಲ್ಲ ಎಂಬುದು ನಿಮಗೆ ಈಗಾಗಲೇ ಗೊತ್ತಾಗಿರುತ್ತದೆ. ಏಪ್ರಿಲ್, ಮೇ ಗುಡುಗಿಗೆ ರೂಟರು, ಮೋಟರ್ ಸ್ಟಾರ್ಟರು ಸುಡುವುದು ಮಲೆನಾಡಿನ ಖಾಯಂ ಖರ್ಚು. ಮೋಡ ಕಟ್ಟಿದ ಕೂಡಲೇ ಪ್ಲಗ್ ತೆಗೆಯುವ ಅಭ್ಯಾಸ ಮನೆಯವರಿಗೆಲ್ಲ ಆಗಲಿ. ಬ್ಯಾಟರಿ ಬದಲಿಗೆ ವರ್ಷಕ್ಕೊಂದಿಷ್ಟು ರಿಪೇರಿ ಬಾಬ್ತಿನಲ್ಲೇ ಉಳಿಸಿ. ಅವರ ಸಂಭಾವನೆಯಿಂದ ಕಡಿದ ಶೇ. 10 ಟಿಡಿಎಸ್, ವರ್ಷಕ್ಕೆ 48 ಸಾವಿರ, ರಿಟರ್ನ್ ಸಲ್ಲಿಸಿದರೆ ವಾಪಸ್ ಬರುವ ಹಣ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಬೇಟು ಕಳೆದು ತೆರಿಗೆ ಬೀಳುವುದಿಲ್ಲ. ನಾನು ಮೇಲಿನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ. ಬಂದಾಗ ಅದನ್ನು ಪಿಯುಸಿ ಠೇವಣಿಗೆ ಹಾಕಿ.

ಕಡಿತ ಎಲ್ಲಿ ಸಾಧ್ಯ? ದಿನಸಿಯಲ್ಲಿ ಅಲ್ಲ. ವಾಹನದಲ್ಲಿ. ಪೇಟೆ 14 ಕಿ.ಮೀ. ದೂರ ಎಂದಿಟ್ಟುಕೊಂಡರೆ ಹೋಗಿ ಬರಲು 28. ಕಾರು ಲೀಟರ್‌ಗೆ 14 ಕಿ.ಮೀ. ಕೊಟ್ಟರೆ ಪ್ರತಿ ಸಲ ಎರಡು ಲೀಟರ್, ಬರೀ ಪೆಟ್ರೋಲಿಗೇ 200 ರೂಪಾಯಿಯ ಮೇಲೆ. ಮರೆತುಹೋದ 30 ರೂಪಾಯಿಯ ಕೊತ್ತಂಬರಿ ಸೊಪ್ಪಿಗೆ ಕಾರು ತೆಗೆಯುವುದು ಬೆಂಗಳೂರಿನ ಅಭ್ಯಾಸ. ಅಡುಗೆಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ ವಾರಕ್ಕೆ ಎರಡೇ ದಿನ ಪೇಟೆ ಎಂದು ಮಾಡಿಕೊಂಡರೆ ವರ್ಷಕ್ಕೆ 25-30 ಸಾವಿರ ಉಳಿಯುತ್ತದೆ. ಔಷಧಿ ತಿಂಗಳಿಗೊಮ್ಮೆ, ಸಾಧ್ಯವಾದಷ್ಟು ಜನೌಷಧಿ ಕೇಂದ್ರದಿಂದ ತನ್ನಿ.

ಕರೆಂಟಿನ ಬಿಲ್ಲಿನ ಬಗ್ಗೆ ತಪ್ಪು ತಿಳಿವಳಿಕೆ ಇರಬಹುದು. ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಎನ್ನುವುದು ಅರ್ಧ ಮಾತು. ಆ ಮೀಟರಿನಲ್ಲಿ 2022-23ರ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಸ್ವಲ್ಪ ಸೇರಿಸಿದಷ್ಟು ಮಾತ್ರ ಉಚಿತ. ಆಗ ಮನೆಯಲ್ಲಿ ಇದ್ದದ್ದು ತಂದೆ ತಾಯಿ ಇಬ್ಬರೇ. ಈಗ ಆರು ಜನ, ಫ್ರಿಜ್ಜು, ವಾಷಿಂಗ್ ಮಷಿನ್ನು, ಎರಡು ಕಂಪ್ಯೂಟರು. ಮಿತಿ ಮೀರಿದ ಯೂನಿಟ್‌ಗೆ ಹಣ ಕೊಡಬೇಕು, ತಿಂಗಳಿಗೆ 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ. ನೀರು ಕಾಯಿಸಲು ಗೀಸರ್ ಬಿಟ್ಟು ಹಂಡೆ ಒಲೆಯನ್ನೇ ಉಳಿಸಿಕೊಂಡರೆ 200ರ ಗೆರೆಯೊಳಗೆ ಇರಬಹುದು. ಅಡಿಕೆ ಸಿಪ್ಪೆ, ಸೋಗೆ, ಹಾಳೆ ಹೇಗೂ ಇದೆ. ಸೋಲಾರ್ ಚಾವಣಿಗೆ 3 ಕಿಲೋವ್ಯಾಟ್‌ಗೆ 78 ಸಾವಿರ ಕೇಂದ್ರದ ಸಹಾಯಧನ ಉಂಟು, ಆದರೆ ನಿಮ್ಮಷ್ಟು ಸಣ್ಣ ಬಿಲ್ಲಿಗೆ, ನಾಲ್ಕು ತಿಂಗಳು ಬಿಸಿಲು ಕಾಣದ ಕಡೆ, ಮರದ ನೆರಳಿನ ಮನೆಗೆ ಈಗ ಬೇಡ.

ಮುಯ್ಯಿಯನ್ನು ಕಡಿಮೆ ಮಾಡಿ ಎಂದು ನಾನು ಹೇಳುವುದಿಲ್ಲ. ಕೊನೆ ತೆಗೆಯಲು ಜನ ಸಿಗದ ದಿನ ಬರುವವರು ಆ ಮದುವೆಮನೆಗಳವರೇ. ವರ್ಷದ 60 ಸಾವಿರ ಎಂಬ ಗೆರೆ ಇರಲಿ, ಸಾಕು. ಆಳುಗಳಿಗೆ ಕೊಡುವ ಮುಂಗಡ ಬೇರೆ ವಿಷಯ: ಯಾರಿಗೆ, ಎಷ್ಟು, ಎಂದು ಎಂಬುದನ್ನು ಅವರ ಎದುರಿಗೇ ಪುಸ್ತಕದಲ್ಲಿ ಬರೆಯಿರಿ, ಪ್ರತಿ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಹಿಡಿಯಿರಿ. ಒಟ್ಟು ಹೊರಗಿರುವ ಮುಂಗಡ 20 ಸಾವಿರ ದಾಟಬಾರದು. ಖರ್ಚಿನ ಪಟ್ಟಿಯಲ್ಲಿ ಕಾಣದೆ ದುಡ್ಡು ಕರಗುವ ಜಾಗ ಇದು.

ಸೊಸೈಟಿ ಸಾಲದ ಪ್ರಶ್ನೆಗೆ ಬರೋಣ. ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ ರಾಜ್ಯ ಸರ್ಕಾರದ ಬಡ್ಡಿ ಸಹಾಯದಿಂದ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆ ಸಾಲ ಉಂಟು. 5 ಲಕ್ಷ ಎಂಬುದು ಮೇಲ್ಮಿತಿ. ನಿಮಗೆ ಸಿಗುವುದು ಬೆಳೆಗೆ ಎಕರೆವಾರು ನಿಗದಿಯಾದ ಪ್ರಮಾಣ ಮತ್ತು ಸಂಘದ ಹಣದ ಲಭ್ಯತೆ ನೋಡಿಕೊಂಡು. ಪಹಣಿ ತಂದೆಯವರದಾದ್ದರಿಂದ ಸದಸ್ಯತ್ವವೂ ಸಾಲವೂ ಅವರ ಹೆಸರಿಗೇ. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಪಹಣಿ, ಆಧಾರ್, ಬೇರೆ ಬ್ಯಾಂಕುಗಳ ಬೇಬಾಕಿ ಪತ್ರ ಬೇಕು. ತೆಗೆದುಕೊಳ್ಳಿ, ಆದರೆ ತೋಟದ ಖಾತೆಗೆ ಮಾತ್ರ, ವರ್ಷದ ತೋಟದ ಖರ್ಚಿಗಿಂತ ಹೆಚ್ಚು ಬೇಡ. ಆಗ ನೀವಿಟ್ಟ 2.9 ಲಕ್ಷ ಬಡ್ಡಿ ತರುತ್ತಾ ಇರುತ್ತದೆ. ಗಡುವಿನ ದಿನ ದಾಟಿದರೆ ಶೂನ್ಯ ಹೋಗಿ ಬಡ್ಡಿ ಬೀಳುತ್ತದೆ. ಊರಲ್ಲಿ ಅನೇಕರು ಗಡುವಿನ ವಾರ ಕೈಸಾಲ ತಂದು ಕಟ್ಟಿ, ಹೊಸ ಸಾಲ ಎತ್ತಿ ಕೈಸಾಲ ತೀರಿಸುತ್ತಾರೆ. ಆ ಒಂದು ವಾರದ ಬಡ್ಡಿ ಕೊಟ್ಟ ಮೇಲೆ ಶೂನ್ಯ ಬಡ್ಡಿ ಎನ್ನುವುದು ಹೆಸರಿಗೆ ಮಾತ್ರ. ಮಂಡಿಯಿಂದ ಮುಂಗಡ ಅಂತೂ ಬೇಡ. ಬಡ್ಡಿಗಿಂತ ದೊಡ್ಡ ನಷ್ಟ ಎಂದರೆ ಅಡಿಕೆಯನ್ನು ಯಾವಾಗ, ಎಲ್ಲಿ ಮಾರಬೇಕು ಎನ್ನುವ ಸ್ವಾತಂತ್ರ್ಯ ಹೋಗುತ್ತದೆ.

ಮಾರುವುದನ್ನು ದರದ ಊಹೆಯ ಮೇಲೆ ಮಾಡಬೇಡಿ, ಅಗತ್ಯದ ತಾರೀಕಿನ ಮೇಲೆ ಮಾಡಿ. ಜನವರಿಯಲ್ಲಿ ಕೊಯ್ಲಿನ ಕೂಲಿಗೆ ಬೇಕಾದಷ್ಟು, ಸಾಲದ ಗಡುವಿಗೆ ಹದಿನೈದು ದಿನ ಮೊದಲು ಅದಕ್ಕೆ ಬೇಕಾದಷ್ಟು, ಮೇ ತಿಂಗಳಲ್ಲಿ ಮಳೆಗಾಲದ ಖರ್ಚಿಗೆ. ಮಿಕ್ಕಿದ್ದನ್ನು ಚೆನ್ನಾಗಿ ಒಣಗಿಸಿ ಸಹಕಾರಿ ಮಾರಾಟ ಸಂಘದ ಗೋದಾಮಿನಲ್ಲಿಟ್ಟರೆ ದಾಸ್ತಾನಿನ ಮೇಲೆ ಸಾಲ ಪಡೆಯಲೂ ದಾರಿಯಿದೆ. ನಿಮಗೆ ಬೇಯಿಸಿ ಒಣಗಿಸುವ ಅನುಭವವಿಲ್ಲ, ಅಂಗಳವೂ ಸಾಲದು ಎಂದರೆ ಈ ವರ್ಷ ಚೇಣಿಗೆ (ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ) ಕೊಡುವುದು ನಾಚಿಕೆಯ ಮಾತಲ್ಲ. ಲೆಕ್ಕ ಹೀಗೆ ಹಾಕಿ: ಒಂದು ಕ್ವಿಂಟಲ್ ಹಸಿ ಅಡಿಕೆಗೆ ಸುಮಾರು 13 ಕೆ.ಜಿ. ಒಣ ಅಡಿಕೆ. ಕ್ವಿಂಟಲ್‌ಗೆ 40 ಸಾವಿರದಂತೆ ಅದರ ಬೆಲೆ 5,200. ಕೊಯ್ಲಿನಿಂದ ಒಣಗಿಸುವವರೆಗಿನ ಖರ್ಚು 1,300. ಚೇಣಿದಾರ ತಾನೇ ಕೊನೆ ತೆಗೆದುಕೊಂಡು ಹಸಿ ಕ್ವಿಂಟಲ್‌ಗೆ 3,900ಕ್ಕಿಂತ ಹೆಚ್ಚು ಕೊಟ್ಟರೆ ಕೊಡುವುದೇ ಲಾಭ. ದರ ಬದಲಾದಂತೆ ಅಂಕಿ ಬದಲಿಸಿಕೊಳ್ಳಿ.

ಬೆಳೆ ವಿಮೆ ಮಾಡಿಸಿ, ಆದಾಯವೆಂದು ಎಣಿಸಬೇಡಿ. ಹವಾಮಾನ ಆಧಾರಿತ ವಿಮೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ವಿಮಾ ಮೊತ್ತ, ಅದರ ಶೇ. 5, ಅಂದರೆ 6,400 ರೈತರ ಕಂತು ಎಂಬ ದರ ಹಲವು ವರ್ಷದಿಂದ ನಡೆದುಬಂದಿದೆ. ನಿಮ್ಮ ಎರಡೂವರೆ ಎಕರೆ ಹೆಚ್ಚು ಕಡಿಮೆ ಒಂದು ಹೆಕ್ಟೇರು. ನೋಂದಣಿ ಜೂನ್ ಕೊನೆ, ಕೆಲವು ವರ್ಷ ಜುಲೈ. ಪರಿಹಾರ ನಿಂತಿರುವುದು ಪಂಚಾಯಿತಿ ಮಟ್ಟದ ಮಳೆಮಾಪನದ ಮೇಲೆ, ನಿಮ್ಮ ತೋಟದಲ್ಲಿ ಉದುರಿದ ಕಾಯಿಯ ಮೇಲೆ ಅಲ್ಲ. ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ ಅಡಿಕೆ ಎಂದೇ ದಾಖಲಾಗಿರಬೇಕು. ಬೇರೆ ಬೆಳೆ ಬಿದ್ದಿದ್ದರೆ ಕಂತು ಕಟ್ಟಿಯೂ ಹಣ ಬಾರದೆ ಹೋಗುತ್ತದೆ.

ತೆರಿಗೆಯಲ್ಲಿ ಒಂದೇ ಎಚ್ಚರಿಕೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ಅದು ಪಹಣಿದಾರರದು. ಅಡಿಕೆ ತಂದೆಯವರ ಪಹಣಿಯದು, ಬಿಲ್ಲು ನಿಮ್ಮ ಹೆಸರಿಗೆ, ಹಣ ನಿಮ್ಮ ಖಾತೆಗೆ ಎಂದಾದರೆ ನಾಳೆ ಆ ಜಮೆಗೆ ವಿವರಣೆ ಕೊಡುವುದು ತೊಡಕು. ಜಂಟಿ ಖಾತೆಯಲ್ಲಿ ತಂದೆಯವರ ಹೆಸರು ಮೊದಲಿರಲಿ, ಮಾರಾಟದ ಪಟ್ಟಿಗಳು ಅವರ ಹೆಸರಲ್ಲೇ ಇರಲಿ, ಜೋಪಾನವಾಗಿರಲಿ.

ಇದೇ ಎಳೆ ಇನ್ನೊಂದು ಕಡೆಗೂ ಹೋಗುತ್ತದೆ. ಮನೆ, ತೋಟ ಎರಡೂ ತಂದೆಯವರ ಹೆಸರಲ್ಲಿವೆ. ಪಿತ್ರಾರ್ಜಿತವಾಗಿದ್ದರೆ 2005ರ ತಿದ್ದುಪಡಿಯ ಪ್ರಕಾರ ನಿಮ್ಮ ತಂಗಿಗೂ ನಿಮ್ಮಷ್ಟೇ ಹಕ್ಕಿದೆ. ಬಚ್ಚಲು, ಹೆಂಚಿಗೆ ಖರ್ಚು ಮಾಡಿ, ಅದು ವಾಸದ ಖರ್ಚು. ಆದರೆ ಹೊಸ ಮಹಡಿ, ಕೃಷಿಹೊಂಡ, ತೋಟದ ವಿಸ್ತರಣೆ ಎಂದು ಲಕ್ಷಗಟ್ಟಲೆ ಹಾಕುವ ಮೊದಲು ತಂದೆಯವರ ಎದುರಿನಲ್ಲೇ, ತಂಗಿಯನ್ನೂ ಕೂರಿಸಿಕೊಂಡು ಮಾತಾಡಿ, ನೋಂದಾಯಿತ ವಿಭಾಗ ಪತ್ರ ಮಾಡಿಕೊಳ್ಳಿ. ಅವರ ನಂತರ ಪೌತಿ ಖಾತೆಗೆ (ವಾರಸುದಾರರ ಹೆಸರಿಗೆ ಖಾತೆ ಮಾಡಿಸಲು) ಓಡಾಡುವಾಗ ಈ ಮಾತು ತೆಗೆದರೆ ಅದು ಜಗಳವಾಗಿಯೇ ಶುರುವಾಗುತ್ತದೆ.

ಪಕ್ಕದ ಒಂದೂವರೆ ಎಕರೆ ಈಗ ಬೇಡ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಆದ್ದರಿಂದ ಅಡ್ಡಿ ಕಾನೂನಿನದಲ್ಲ, ದುಡ್ಡಿನದು. ಮುದ್ರಾಂಕ, ನೋಂದಣಿಗೇ ಬೆಲೆಯ ಶೇ. 7.6ರಷ್ಟು ಹೋಗುತ್ತದೆ, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೇ ಶೇ. 2. ಹೊಸ ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು, ಅಲ್ಲಿಯವರೆಗೆ ಬರೀ ಖರ್ಚು. ಎರಡು ಕೊಯ್ಲು ನೀವೇ ಮಾಡಿ, ನಿಮ್ಮದೇ ಪುಸ್ತಕದಲ್ಲಿ ಎಕರೆಗೆ ಇಷ್ಟು ಖರ್ಚು, ಇಷ್ಟು ಉಳಿಕೆ ಎಂಬ ಅಂಕಿ ಸಿಕ್ಕ ಮೇಲೆ ನೋಡಿ. ಆಗಲೂ ಇಸಿ, ಮ್ಯುಟೇಶನ್, ಪಹಣಿಯ 11ನೇ ಕಾಲಂನ ಋಣಗಳನ್ನು ನೋಡಬೇಕು. ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಗೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ಒಳಪಡುತ್ತದೆಯೇ ಎಂಬುದನ್ನು ವಕೀಲರಿಂದ ತಿಳಿದುಕೊಳ್ಳಬೇಕು. ಎರಡು ವರ್ಷವಾದರೂ ಆ ಜಾಗ ಮಾರಾಟಕ್ಕೇ ಇದ್ದರೆ, ಬೆಲೆ ಕೇಳುವ ಮೊದಲು ಪೋಡಿ (ಅಳತೆ ಮಾಡಿ ಸರ್ವೆ ನಂಬರನ್ನು ಬೇರ್ಪಡಿಸುವುದು) ಆಗಿದೆಯೇ, ಆಗಿಲ್ಲದಿದ್ದರೆ ಯಾಕೆ ಎಂದು ಕೇಳಿ.